ಪಠ್ಯಪುಸ್ತಕದಲ್ಲಿ ಅಡಗಿರುವ ಲಿಂಗ ಪಡಿಯಚ್ಚುಗಳನ್ನು ಗುರುತಿಸುವುದು ಹೇಗೆ? ಪೋಷಕರಿಗೂ ಶಿಕ್ಷಕರಿಗೂ ಒಂದು ಮಾರ್ಗದರ್ಶಿ

ಪ್ರತಿವರ್ಷ ಜೂನ್ ತಿಂಗಳಲ್ಲಿ, ಹೊಸ ಪುಸ್ತಕಗಳಿಗೆ ಬೈಂಡ್ ಹಾಕುವ ಹೊತ್ತಿಗೆ, ಓದುಗರಿಂದ ಒಂದೇ ಬಗೆಯ ಪ್ರಶ್ನೆ ಬರುತ್ತದೆ: ಪಾಠಗಳಲ್ಲಿ ಅಮ್ಮ ಸದಾ ಒಲೆಯ ಮುಂದೆ ಇರುತ್ತಾಳೆ, ಅಪ್ಪ ಸದಾ ಪೇಪರ್ ಓದುತ್ತಿರುತ್ತಾರೆ, ಇದು ಮಗುವಿನ ಮನಸ್ಸಿನ ಮೇಲೆ ಪರಿಣಾಮ ಬೀರುತ್ತದೆಯೇ, ಬೀರುವುದಾದರೆ ನಾವೇನು ಮಾಡಬೇಕು? ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು, ಮನೆಯಲ್ಲಾಗಲಿ ತರಗತಿಯಲ್ಲಾಗಲಿ ಯಾರು ಬೇಕಾದರೂ ಅನುಸರಿಸಬಹುದಾದ ಕ್ರಮವೊಂದನ್ನು ಇಲ್ಲಿ ಹಂತಹಂತವಾಗಿ ಕೊಟ್ಟಿದ್ದೇನೆ.

ಮೊದಲು ಎರಡು ಪದಗಳ ವಿವರಣೆ. ‘ಲಿಂಗ ಪಡಿಯಚ್ಚು’ ಎಂದರೆ ಹೆಣ್ಣು ಹೀಗೆಯೇ ಇರಬೇಕು, ಗಂಡು ಹೀಗೆಯೇ ಇರಬೇಕು ಎಂಬ ಸಿದ್ಧ ಕಲ್ಪನೆ. ಅದು ಬೈಗುಳವಾಗಿಯೋ ನಿಂದನೆಯಾಗಿಯೋ ಇರಬೇಕೆಂದಿಲ್ಲ; ಹೊಗಳಿಕೆಯ ರೂಪದಲ್ಲೂ ಬರುತ್ತದೆ. ‘ಸುಪ್ತ ಪಠ್ಯಕ್ರಮ’ ಎಂದರೆ ಪಾಠದ ಉದ್ದೇಶಗಳ ಪಟ್ಟಿಯಲ್ಲಿ ಎಲ್ಲೂ ಇಲ್ಲದಿದ್ದರೂ ಚಿತ್ರ, ಉದಾಹರಣೆ, ಅಭ್ಯಾಸದ ಪ್ರಶ್ನೆಗಳ ಮೂಲಕ ಮಗು ಕಲಿತುಬಿಡುವ ಸಂಗತಿ. ಕೂಡುವ ಲೆಕ್ಕ ಕಲಿಸಲೆಂದೇ ಬರೆದ ವಾಕ್ಯವೊಂದು ಬಳೆ ಕೊಳ್ಳುವವರು ಯಾರು, ಬ್ಯಾಟು ಕೊಳ್ಳುವವರು ಯಾರು ಎಂಬುದನ್ನೂ ಜೊತೆಯಲ್ಲೇ ಕಲಿಸುತ್ತದೆ.

ಪರಿಣಾಮ ನಿಜವೇ ಎಂಬ ಪ್ರಶ್ನೆಗೆ ಉತ್ತರ: ನಿಜ, ಆದರೆ ಪುಸ್ತಕವೊಂದೇ ಕಾರಣವಲ್ಲ. ‘ಒಬ್ಬ ವಿಜ್ಞಾನಿಯ ಚಿತ್ರ ಬರೆಯಿರಿ’ ಎಂದು 4,807 ಮಕ್ಕಳಿಗೆ ಹೇಳಿದ ಡೇವಿಡ್ ಚೇಂಬರ್ಸ್ ಅವರ 1983ರ ಅಧ್ಯಯನದಲ್ಲಿ ಮಹಿಳಾ ವಿಜ್ಞಾನಿಯ ಚಿತ್ರ ಬರೆದವರು 28 ಮಕ್ಕಳು ಮಾತ್ರ, ಆ 28 ಮಂದಿಯೂ ಹುಡುಗಿಯರು. ಅಮೆರಿಕದಲ್ಲಿ ಐದು ದಶಕಗಳಲ್ಲಿ ನಡೆದ ಇಂಥ ಪ್ರಯೋಗಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಎಂಬತ್ತರ ದಶಕದಿಂದೀಚೆಗೆ ಆ ಪ್ರಮಾಣ ಸರಾಸರಿ ಶೇ 28ಕ್ಕೆ ಏರಿದೆ. ಅಂದರೆ ಮಕ್ಕಳು ಕಾಣುವ ಜಗತ್ತು ಬದಲಾದಂತೆ ಅವರು ಬರೆಯುವ ಚಿತ್ರವೂ ಬದಲಾಗುತ್ತದೆ. ಅಲ್ಲಿನ ಮಕ್ಕಳ ಮೇಲೆಯೇ ನಡೆದು 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು, ಐದನೆಯ ವಯಸ್ಸಿನಲ್ಲಿ ಇಲ್ಲದ ‘ಅತಿ ಬುದ್ಧಿವಂತರೆಂದರೆ ಹುಡುಗರು’ ಎಂಬ ಭಾವನೆ ಆರನೆಯ ವಯಸ್ಸಿಗಾಗಲೇ ಹುಡುಗಿಯರಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ತೋರಿಸಿತು. ಆರನೆಯ ವಯಸ್ಸೆಂದರೆ ನಮ್ಮಲ್ಲಿ ಒಂದನೇ ತರಗತಿ. ಹೀಗಾಗಿ ‘ದೊಡ್ಡವರಾದ ಮೇಲೆ ತಿಳಿಹೇಳೋಣ’ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಬೇಕಾಗುವ ಸಾಮಗ್ರಿ

ಒಂದು ಪಠ್ಯಪುಸ್ತಕ, ಒಂದು ಗೆರೆ ನೋಟ್‌ಬುಕ್, ಎರಡು ಬಣ್ಣದ ಪೆನ್ನು. ಮಗುವಿನ ಪುಸ್ತಕದ ಮೇಲೆ ಗುರುತು ಹಾಕಲು ಇಷ್ಟವಿಲ್ಲದವರು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಅಥವಾ ದೀಕ್ಷಾ ಆ್ಯಪ್‌ನಿಂದ ಅದೇ ಪುಸ್ತಕದ ಪಿಡಿಎಫ್ ಇಳಿಸಿಕೊಳ್ಳಬಹುದು. ಎಲ್ಲ ವಿಷಯಗಳನ್ನೂ ಒಮ್ಮೆಗೇ ಕೈಗೆತ್ತಿಕೊಂಡರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಭಾಷೆ ಅಥವಾ ಪರಿಸರ ಅಧ್ಯಯನದ ಒಂದೇ ಪುಸ್ತಕದಿಂದ ಆರಂಭಿಸಿ.

ಹಂತ 1: ಪುಸ್ತಕದ ಮೊದಲ ಪುಟಗಳನ್ನು ಓದಿ

ಯಾರೂ ಓದದ ಪುಟಗಳಿವು. ಮುದ್ರಣದ ವರ್ಷ, ಪರಿಷ್ಕರಣೆಯ ವರ್ಷ, ರಚನಾ ಸಮಿತಿ, ಪರಿಶೀಲಕರು, ಚಿತ್ರಕಲಾವಿದರು ಇವರೆಲ್ಲರ ವಿವರ ಇಲ್ಲಿರುತ್ತದೆ. ಸಮಿತಿಯಲ್ಲಿ ಮಹಿಳೆಯರೆಷ್ಟು ಎಂಬುದನ್ನು ಬರೆದಿಟ್ಟುಕೊಳ್ಳಿ. ಮಹಿಳೆಯರಿದ್ದ ಮಾತ್ರಕ್ಕೆ ಪುಸ್ತಕ ಸರಿಯಿರುತ್ತದೆ ಎಂದೇನಿಲ್ಲ, ಆದರೆ ಮುಂದೆ ಪತ್ರ ಬರೆಯುವಾಗ ಈ ವಿವರ ಬೇಕಾಗುತ್ತದೆ. ಪುಸ್ತಕ ಯಾರದು ಎಂಬುದೂ ಇಲ್ಲಿಯೇ ಖಚಿತವಾಗುತ್ತದೆ: ರಾಜ್ಯ ಪಠ್ಯಕ್ರಮದ ಪುಸ್ತಕವೇ, ಎನ್‌ಸಿಇಆರ್‌ಟಿ ಪುಸ್ತಕವೇ, ಖಾಸಗಿ ಪ್ರಕಾಶಕರದೇ? ಖಾಸಗಿ ಶಾಲೆಗಳ ಕೆಳಗಿನ ತರಗತಿಗಳಲ್ಲಿ ಮೂರನೆಯ ಬಗೆಯೇ ಹೆಚ್ಚು.

ಹಂತ 2: ಎಣಿಸಿ

ನೋಟ್‌ಬುಕ್‌ನಲ್ಲಿ ‘ಹೆಣ್ಣು’, ‘ಗಂಡು’, ‘ತಿಳಿಯದು’ ಎಂಬ ಮೂರು ಕಂಬಸಾಲುಗಳನ್ನು ಹಾಕಿ, ಪಾಠದಿಂದ ಪಾಠಕ್ಕೆ ಈ ನಾಲ್ಕನ್ನು ಎಣಿಸುತ್ತಾ ಹೋಗಿ: ಚಿತ್ರದಲ್ಲಿ ಎದ್ದು ಕಾಣುವ ವ್ಯಕ್ತಿಗಳು, ಹೆಸರಿರುವ ಪಾತ್ರಗಳು, ಮಾತನಾಡುವ ಪಾತ್ರಗಳು, ಪಾಠವೇ ಯಾರ ಕುರಿತಾಗಿದೆಯೋ ಆ ಮುಖ್ಯ ವ್ಯಕ್ತಿ.

ಇಲ್ಲಿ ಎಚ್ಚರ ಬೇಕು. ಪ್ರಾಣಿಕಥೆಗಳನ್ನು ಬಿಟ್ಟುಬಿಡುವುದು ಎಣಿಸುವವರು ಮಾಡುವ ಸಾಮಾನ್ಯ ತಪ್ಪು. ವ್ಯಾಕರಣದ ಲೆಕ್ಕದಲ್ಲಿ ಪ್ರಾಣಿಗಳು ನಪುಂಸಕಲಿಂಗವಾದರೂ ಮಕ್ಕಳ ಕಥೆಗೆ ಬಂದೊಡನೆ ಹುಲಿ ಹುಲಿರಾಯನಾಗುತ್ತದೆ, ನರಿ ನರಿಯಣ್ಣನಾಗುತ್ತದೆ, ಕರಡಿ ಮಾಮನಾಗುತ್ತದೆ. ಗುಬ್ಬಿ ಮಾತ್ರ ಗುಬ್ಬಕ್ಕ. ಬಲ, ಯುಕ್ತಿ, ಅಧಿಕಾರ ಯಾರ ಪಾಲಿಗೆ ಬಂತು, ಮೃದುತ್ವ ಯಾರ ಪಾಲಿಗೆ ಬಂತು ಎಂಬುದು ಅಲ್ಲಿಯೂ ಹಂಚಿಹೋಗಿರುತ್ತದೆ. ಇನ್ನೊಂದು, ಗುಂಪಿನ ಚಿತ್ರಗಳು. ಸಂತೆಯ ಚಿತ್ರದಲ್ಲಿ ಹತ್ತು ಹೆಂಗಸರು ದೂರದಲ್ಲಿ ಚುಕ್ಕಿಯಂತೆ ಕಂಡರೆ ಅವರನ್ನು ಎಣಿಕೆಗೆ ಸೇರಿಸಿ ‘ಸಮಾನತೆ ಇದೆ’ ಎಂದು ಬರೆದುಕೊಳ್ಳಬೇಡಿ. ಮುಖ ಕಾಣುವವರನ್ನು ಮಾತ್ರ ಎಣಿಸಿ.

ಹಂತ 3: ಕ್ರಿಯಾಪದಗಳನ್ನು ನೋಡಿ

ಇಡೀ ಕ್ರಮದಲ್ಲಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಎಣಿಕೆಯಲ್ಲಿ ಸರಿಸಮವಾಗಿ ಕಾಣುವ ಪುಸ್ತಕವೂ ಇಲ್ಲಿ ಸಿಕ್ಕಿಬೀಳುತ್ತದೆ, ಏಕೆಂದರೆ ಚಿತ್ರಗಳ ಸಂಖ್ಯೆಯನ್ನು ಸರಿದೂಗಿಸುವುದು ಸುಲಭ, ಯಾರು ಏನು ಮಾಡುತ್ತಾರೆ ಎಂಬುದನ್ನು ಬದಲಾಯಿಸುವುದು ಕಷ್ಟ.

ಒಂದು ಬಣ್ಣದಿಂದ ಹೆಣ್ಣು ಪಾತ್ರಗಳ ಕ್ರಿಯಾಪದಗಳಿಗೂ ಇನ್ನೊಂದು ಬಣ್ಣದಿಂದ ಗಂಡು ಪಾತ್ರಗಳ ಕ್ರಿಯಾಪದಗಳಿಗೂ ಅಡಿಗೆರೆ ಎಳೆಯಿರಿ. ಬಳಿಕ ಕೇವಲ ಕ್ರಿಯಾಪದಗಳನ್ನು ಎರಡು ಪಟ್ಟಿಯಾಗಿ ಬರೆಯಿರಿ. ಒಂದು ಪಟ್ಟಿಯಲ್ಲಿ ‘ಬಡಿಸಿದಳು, ಕಾದಳು, ಅತ್ತಳು, ಕೇಳಿದಳು, ಹೆದರಿದಳು’ ಎಂದೂ ಇನ್ನೊಂದರಲ್ಲಿ ‘ಹೊರಟನು, ಕಂಡುಹಿಡಿದನು, ವಿವರಿಸಿದನು, ಗೆದ್ದನು’ ಎಂದೂ ಬಂದರೆ ಬೇರೆ ಪುರಾವೆ ಬೇಕಿಲ್ಲ. ವಿಶೇಷವಾಗಿ ಪ್ರಶ್ನೆ ಕೇಳುವವರು ಯಾರು, ಉತ್ತರ ಹೇಳುವವರು ಯಾರು ಎಂಬುದನ್ನು ಗಮನಿಸಿ. ವಿಜ್ಞಾನ ಪಾಠಗಳ ಸಂಭಾಷಣೆಯಲ್ಲಿ ತಂಗಿ ‘ಅದು ಹೇಗೆ?’ ಎನ್ನುವುದೂ ಅಣ್ಣ ವಿವರಿಸುವುದೂ ಎಷ್ಟು ಮಾಮೂಲಿ ಎಂದರೆ ನಾವು ಅದನ್ನು ಗುರುತಿಸುವುದೇ ಇಲ್ಲ.

ಮುಂದಿನದು ಗೌರವದ ರೂಪ. ಈ ಲೇಖನದ ಮೊದಲ ವಾಕ್ಯದಲ್ಲಿರುವ ಓದುಗರ ಪ್ರಶ್ನೆಯನ್ನೇ ಇನ್ನೊಮ್ಮೆ ನೋಡಿ: ಅಮ್ಮ ‘ಇರುತ್ತಾಳೆ’, ಅಪ್ಪ ‘ಇರುತ್ತಾರೆ’. ಮನೆಮಾತಿನಲ್ಲಿ ಅಮ್ಮನನ್ನು ಏಕವಚನದಲ್ಲಿ ಕರೆಯುವುದು ಸಲುಗೆ, ಅದರಲ್ಲಿ ಆಕ್ಷೇಪಿಸುವಂಥದ್ದೇನಿಲ್ಲ. ಆದರೆ ಪಠ್ಯವೊಂದು ವೈದ್ಯರು ‘ಹೇಳಿದರು’, ದಾದಿ ‘ಹೇಳಿದಳು’ ಎಂದು ಬರೆದರೆ, ಮೇಷ್ಟ್ರು ‘ಬಂದರು’, ಅದೇ ಶಾಲೆಯ ಅಡುಗೆಯಾಕೆ ‘ಬಂದಳು’ ಎಂದರೆ, ಲಿಂಗದ ಜೊತೆಗೆ ವರ್ಗದ ಶ್ರೇಣಿಯೂ ವ್ಯಾಕರಣದೊಳಗೆ ಸೇರಿಕೊಂಡಿದೆ ಎಂದರ್ಥ. ಇಂಗ್ಲಿಷ್ ಪುಸ್ತಕಗಳಿಗಾಗಿ ಸಿದ್ಧಪಡಿಸಿದ ಪರಿಶೀಲನಾ ಪಟ್ಟಿಗಳಲ್ಲಿ ಈ ಅಂಶ ಇರುವುದಿಲ್ಲವಾದ್ದರಿಂದ ಅವುಗಳನ್ನೇ ಅನುವಾದಿಸಿ ಬಳಸುವವರು ಇದನ್ನು ತಪ್ಪಿಸಿಕೊಳ್ಳುತ್ತಾರೆ.

ಮೂರನೆಯದು ದುಡಿಮೆ. ನೇಗಿಲು ಹಿಡಿದ ರೈತ, ಬುತ್ತಿ ಹೊತ್ತು ತರುವ ಹೆಂಡತಿ ಎಂಬ ಚಿತ್ರ ನಮ್ಮ ಪುಸ್ತಕಗಳಿಗೆ ಬಹಳ ಹಳೆಯದು. ನಾಟಿ ಮಾಡುವವರು, ಕಳೆ ಕೀಳುವವರು, ಹಾಲು ಕರೆಯುವವರು ಬಹುಪಾಲು ಹೆಂಗಸರೇ ಆಗಿರುವ ನಾಡಿನಲ್ಲಿ ‘ರೈತನ ಹೆಂಡತಿ’ ಎಂಬ ವಿವರಣೆ ಪಡಿಯಚ್ಚು ಮಾತ್ರವಲ್ಲ, ತಪ್ಪು ಮಾಹಿತಿಯೂ ಹೌದು. ಅಡುಗೆಯ ವಿಷಯದಲ್ಲಿ ಇದೇ ತಿರುವುಮುರುವು. ಸಂಬಳವಿರುವ ಕಡೆ, ಅಂದರೆ ಹೋಟೆಲಿನಲ್ಲಿ, ಕಲ್ಯಾಣಮಂಟಪದಲ್ಲಿ, ಸೌಟು ಗಂಡಸಿನ ಕೈಯಲ್ಲಿರುತ್ತದೆ. ಸಂಬಳವಿಲ್ಲದ ಕಡೆ ಹೆಂಗಸಿನ ಕೈಯಲ್ಲಿ. ಪುಸ್ತಕದಲ್ಲಿ ಅಡುಗೆ ಮಾಡುವ ಗಂಡಸು ಕಾಣಿಸಿದರೆ ಆತ ಮನೆಯಲ್ಲಿದ್ದಾನೋ ಹೋಟೆಲಿನಲ್ಲಿದ್ದಾನೋ ಎಂದು ನೋಡಿ ಬರೆದುಕೊಳ್ಳಿ.

ಹಂತ 4: ಗಣಿತದ ಪುಸ್ತಕವನ್ನು ಬಿಡಬೇಡಿ

ಲೆಕ್ಕದ ಪುಸ್ತಕದಲ್ಲಿ ಏನಿರುತ್ತದೆ ಎಂದು ಹೆಚ್ಚಿನವರು ಅದನ್ನು ತೆರೆಯುವುದೇ ಇಲ್ಲ. ಆದರೆ ಯಾರು ಹೂಡಿಕೆ ಮಾಡುತ್ತಾರೆ, ಯಾರು ಸಾಲ ಕೊಡುತ್ತಾರೆ, ಯಾರು ಸೀರೆಗೆ ರಿಯಾಯಿತಿ ಕೇಳುತ್ತಾರೆ ಎಂಬುದೆಲ್ಲ ಅಲ್ಲಿಯೇ ಇರುತ್ತದೆ. ಗಂಡಾಳಿನ ಕೂಲಿ ಹೆಚ್ಚು, ಹೆಣ್ಣಾಳಿನ ಕೂಲಿ ಕಡಿಮೆ ಎಂದು ಹಿಡಿದು ಲೆಕ್ಕ ಕೊಟ್ಟಿದ್ದರೆ ಅದನ್ನು ತಪ್ಪದೆ ಗುರುತು ಮಾಡಿ. ಒಂದೇ ಬಗೆಯ ಕೆಲಸಕ್ಕೆ ಲಿಂಗದ ಕಾರಣಕ್ಕೆ ಕಡಿಮೆ ಕೂಲಿ ಕೊಡುವುದನ್ನು ಸಮಾನ ವೇತನ ಕಾಯ್ದೆಯು 1976ರಲ್ಲೇ ನಿಷೇಧಿಸಿತ್ತು.

ಲೆಕ್ಕವನ್ನು ಬಿಡಿಸಿದ ಮೇಲೆಯೇ ಕಾಣುವ ಪಡಿಯಚ್ಚುಗಳೂ ಇವೆ. ಎನ್‌ಸಿಇಆರ್‌ಟಿಯ 10ನೇ ತರಗತಿಯ ಗಣಿತ ಪುಸ್ತಕದ ಹಿಂದಿನ ಆವೃತ್ತಿಯಲ್ಲಿ, 2 ಹೆಂಗಸರು ಮತ್ತು 5 ಗಂಡಸರು ಕಸೂತಿ ಕೆಲಸವೊಂದನ್ನು 4 ದಿನಗಳಲ್ಲಿ, 3 ಹೆಂಗಸರು ಮತ್ತು 6 ಗಂಡಸರು ಅದನ್ನೇ 3 ದಿನಗಳಲ್ಲಿ ಮುಗಿಸುತ್ತಾರೆ ಎಂಬ ಸಮಸ್ಯೆಯಿತ್ತು. ಗಂಡಸರೂ ಕಸೂತಿ ಮಾಡುತ್ತಾರಲ್ಲ ಎಂದು ಮೇಲ್ನೋಟಕ್ಕೆ ಸಂತೋಷವಾಗುತ್ತದೆ. ಬಿಡಿಸಿ ನೋಡಿದರೆ ಒಬ್ಬ ಹೆಂಗಸಿಗೆ 18 ದಿನ, ಒಬ್ಬ ಗಂಡಸಿಗೆ 36 ದಿನ ಎಂಬ ಉತ್ತರ ಬರುತ್ತದೆ. ಕಸೂತಿಯಲ್ಲಿ ಗಂಡಸಿನ ವೇಗ ಹೆಂಗಸಿನ ಅರ್ಧವೇ ಆಗಿರಲು ಗಣಿತದೊಳಗೆ ಯಾವ ಕಾರಣವೂ ಇಲ್ಲ. ‘ಅನುಭವಿಗಳು’, ‘ಹೊಸಬರು’ ಎಂದು ಬರೆದಿದ್ದರೂ ಸಮೀಕರಣಗಳು ಅವೇ ಆಗಿರುತ್ತಿದ್ದವು.

ಹಂತ 5: ಸಿಕ್ಕಿದ್ದನ್ನು ವಿಂಗಡಿಸಿ

ಗುರುತು ಮಾಡಿದ ಎಲ್ಲವೂ ಒಂದೇ ತೂಕದವಲ್ಲ. ಮೂರು ರಾಶಿ ಮಾಡಿ.

ಮೊದಲನೆಯದು ನೇರವಾಗಿ ಅವಮಾನಿಸುವ ಬರಹ. ಛತ್ತೀಸ್‌ಗಢದ 10ನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕವು ನಿರುದ್ಯೋಗಕ್ಕೆ ಮಹಿಳೆಯರು ದುಡಿಯುತ್ತಿರುವುದೂ ಒಂದು ಕಾರಣ ಎಂದಿದ್ದುದು 2015ರಲ್ಲಿ ಬೆಳಕಿಗೆ ಬಂತು. 2017ರಲ್ಲಿ ಮಹಾರಾಷ್ಟ್ರದ 12ನೇ ತರಗತಿಯ ಸಮಾಜಶಾಸ್ತ್ರ ಪುಸ್ತಕದಲ್ಲಿ, ಹುಡುಗಿ ಕುರೂಪಿಯಾಗಿದ್ದರೆ ವರದಕ್ಷಿಣೆ ಹೆಚ್ಚುತ್ತದೆ ಎಂಬ ವಿವರಣೆ ಸಿಕ್ಕಿತು. 2021ರ ಡಿಸೆಂಬರಿನಲ್ಲಿ ಸಿಬಿಎಸ್‌ಇ 10ನೇ ತರಗತಿಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಗದ್ಯಭಾಗವೊಂದು, ಹೆಂಡತಿಗೆ ಸ್ವಾತಂತ್ರ್ಯ ಸಿಕ್ಕಿದ್ದರಿಂದ ಮಕ್ಕಳ ಮೇಲೆ ಹೆತ್ತವರ ಹಿಡಿತ ತಪ್ಪಿತು ಎಂಬ ಅರ್ಥದಲ್ಲಿತ್ತು. ವಿಷಯ ಸಂಸತ್ತಿಗೆ ಹೋಗಿ, ಮಂಡಳಿಯು ಆ ಭಾಗವನ್ನು ಕೈಬಿಟ್ಟು ಎಲ್ಲರಿಗೂ ಪೂರ್ಣ ಅಂಕ ಕೊಟ್ಟಿತು. ಇಂಥವು ಸುದ್ದಿಯಾಗುತ್ತವೆ, ಬೇಗ ತಿದ್ದಲ್ಪಡುತ್ತವೆ. ನಿಮ್ಮ ಪುಸ್ತಕದಲ್ಲಿ ಇದು ಸಿಗುವ ಸಂಭವ ಕಡಿಮೆ.

ಎರಡನೆಯದು ಪುನರಾವರ್ತನೆ: ಒಂದೊಂದೂ ನಿರುಪದ್ರವಿ, ಒಟ್ಟಾಗಿ ನೋಡಿದರೆ ಒಂದೇ ದಿಕ್ಕು. ನನ್ನ ದೃಷ್ಟಿಯಲ್ಲಿ ಮಕ್ಕಳ ಮೇಲೆ ಹೆಚ್ಚು ಕೆಲಸ ಮಾಡುವುದು ಇದೇ. ಇದನ್ನು ಒಂದು ಪುಟ ತೋರಿಸಿ ಸಾಬೀತು ಮಾಡಲಾಗುವುದಿಲ್ಲ, ಹಾಗಾಗಿಯೇ ಹಂತ 2 ಮತ್ತು 3ರ ಪಟ್ಟಿಗಳು ಬೇಕು.

ಮೂರನೆಯದು ಹಳೆಯ ಸಾಹಿತ್ಯ ಮತ್ತು ಚರಿತ್ರೆ. ಹಳಗನ್ನಡ ಕಾವ್ಯಭಾಗದಲ್ಲಿ ಯುದ್ಧಕ್ಕೆ ಹೋಗುವವರು ಗಂಡಸರು ಎಂಬುದು ಆ ಕಾಲದ ಚಿತ್ರ. ಅದನ್ನು ತೆಗೆದುಹಾಕಿ ಎಂದು ಕೇಳುವುದು ಸರಿಯಲ್ಲ. ಕೇಳಬೇಕಾದ್ದು, ಅಭ್ಯಾಸದ ಪ್ರಶ್ನೆಗಳು ಆ ಬಗ್ಗೆ ಯೋಚಿಸಲು ಮಗುವಿಗೆ ಅವಕಾಶ ಕೊಟ್ಟಿವೆಯೇ ಎಂದು. ವ್ಯಕ್ತಿಪರಿಚಯದ ಪಾಠಗಳ ಆಯ್ಕೆಯೂ ಇಲ್ಲಿಯೇ ಬರುತ್ತದೆ. ಕಿತ್ತೂರು ಚೆನ್ನಮ್ಮ, ಒನಕೆ ಓಬವ್ವ, ಅಬ್ಬಕ್ಕ ಇದ್ದಾರೆ ಎಂಬುದಷ್ಟಕ್ಕೆ ತೃಪ್ತರಾಗಬೇಡಿ. ಹೆಣ್ಣು ಪುಸ್ತಕದೊಳಗೆ ಬರಬೇಕಾದರೆ ಕತ್ತಿಯನ್ನೋ ಒನಕೆಯನ್ನೋ ಹಿಡಿದಿರಲೇಬೇಕು, ಗಂಡು ಬರಲು ಇಂಜಿನಿಯರ್ ಆಗಿದ್ದರೂ ಸಾಕು ಎಂಬ ಸ್ಥಿತಿಯೂ ಪಡಿಯಚ್ಚೇ.

‘ಮನೆಗಳಲ್ಲಿ ನಡೆಯುವುದನ್ನೇ ಪುಸ್ತಕ ತೋರಿಸಿದೆ, ಅದರಲ್ಲೇನು ತಪ್ಪು?’ ಎಂಬ ವಾದ ಈ ಹಂತದಲ್ಲಿ ಖಂಡಿತ ಎದುರಾಗುತ್ತದೆ. ವಾದಕ್ಕೆ ಆಧಾರವಿದೆ: 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ತೊಡಗುವ ಪುರುಷರು 97 ನಿಮಿಷ. ಆದರೆ 97 ನಿಮಿಷವೆಂದರೆ ಸೊನ್ನೆಯಲ್ಲ. ಪುಸ್ತಕದಲ್ಲಿ ಅಪ್ಪ ಒಂದು ಲೋಟವನ್ನೂ ತೊಳೆಯದಿದ್ದರೆ ಅದು ವಾಸ್ತವಕ್ಕಿಂತ ಹಿಂದಿದೆ.

ಹಂತ 6: ಮಗುವಿನೊಂದಿಗೆ ಮಾತನಾಡಿ

ಪುಸ್ತಕ ಈ ವರ್ಷ ಬದಲಾಗುವುದಿಲ್ಲ, ಓದುವ ರೀತಿ ಇಂದೇ ಬದಲಾಗಬಹುದು. ಮಾತುಕತೆಗೆ ಫಲವಿದೆ ಎಂಬುದಕ್ಕೆ ನಮ್ಮ ದೇಶದ್ದೇ ಪುರಾವೆಯಿದೆ: ಹರಿಯಾಣದ 314 ಸರ್ಕಾರಿ ಶಾಲೆಗಳನ್ನು ಒಳಗೊಂಡ ಪ್ರಯೋಗದಲ್ಲಿ, ಪ್ರೌಢಾವಸ್ಥೆಗೆ ಬರುತ್ತಿದ್ದ ಹುಡುಗ ಹುಡುಗಿಯರೊಡನೆ ಎರಡೂವರೆ ವರ್ಷ ತರಗತಿಯಲ್ಲಿ ಲಿಂಗ ಸಮಾನತೆಯ ಬಗ್ಗೆ ಚರ್ಚೆ ನಡೆಸಲಾಯಿತು, ಅವರ ಧೋರಣೆಯಲ್ಲಿ ಕಂಡ ಬದಲಾವಣೆ ಕಾರ್ಯಕ್ರಮ ಮುಗಿದ ಎರಡು ವರ್ಷಗಳ ಬಳಿಕವೂ ಉಳಿದಿತ್ತು ಎಂದು 2022ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ.

ಉಪದೇಶ ಬೇಡ, ಪ್ರಶ್ನೆ ಸಾಕು. ಚಿಕ್ಕ ಮಕ್ಕಳಿಗೆ: ‘ಈ ಚಿತ್ರದಲ್ಲಿ ಯಾರು ಏನು ಮಾಡ್ತಿದ್ದಾರೆ ಹೇಳು ಪುಟ್ಟಾ. ನಮ್ಮ ಮನೇಲಿ ಆ ಕೆಲಸ ಯಾರು ಮಾಡ್ತಾರೆ? ಅಜ್ಜಿ ಮನೇಲಿ?’ ಸ್ವಲ್ಪ ದೊಡ್ಡವರಿಗೆ: ‘ಕಥೆಯಲ್ಲಿ ಅಣ್ಣನ ಜಾಗದಲ್ಲಿ ಅಕ್ಕನನ್ನು ಹಾಕಿ ಓದು. ಎಲ್ಲಾದರೂ ವಿಚಿತ್ರ ಅನ್ನಿಸ್ತಾ? ಯಾಕೆ?’ ಹೀಗೆ ಓದಿದಾಗ ಮಗು ನಕ್ಕರೆ ಗದರಬೇಡಿ. ಯಾವ ವಾಕ್ಯಕ್ಕೆ ನಗು ಬಂತೋ ಅಲ್ಲಿಯೇ ಪಡಿಯಚ್ಚು ಇದೆ, ಆ ವಾಕ್ಯವನ್ನೇ ಹಿಡಿದು ಮಾತು ಮುಂದುವರಿಸಿ.

ಇಲ್ಲಿ ಪೋಷಕರು ಎಡವುವ ಜಾಗಗಳು ಹಲವು. ಪುಟ ಹರಿಯುವುದು, ಚಿತ್ರದ ಮೇಲೆ ಗೀಚುವುದು, ‘ನಿಮ್ಮ ಪುಸ್ತಕವೇ ಸರಿಯಿಲ್ಲ’ ಎನ್ನುವುದು ಬೇಡ. ಮಗು ನಾಳೆ ಅದೇ ಪುಸ್ತಕದಿಂದ ಪರೀಕ್ಷೆ ಬರೆಯಬೇಕು, ಅದೇ ಶಿಕ್ಷಕರ ಮುಂದೆ ಕೂರಬೇಕು. ಮಗಳೊಡನೆ ಮಾತ್ರ ಮಾತನಾಡಿ ಮಗನನ್ನು ಬಿಟ್ಟುಬಿಡಬೇಡಿ. ‘ಹುಡುಗರು ಅಳಬಾರದು’ ಎಂಬ ಪಡಿಯಚ್ಚಿನ ಭಾರ ಹೊರುವವನು ಅವನೇ. ಮನೆಯೇ ಹೊರಗೆಲಸವನ್ನೂ ಒಳಗೆಲಸವನ್ನೂ ಹಳೆಯ ರೀತಿಯಲ್ಲೇ ಹಂಚಿಕೊಂಡಿದ್ದರೆ ಮಗು ಅದನ್ನು ಎತ್ತಿ ತೋರಿಸುತ್ತದೆ. ಆಗ ಜಾರಿಕೊಳ್ಳದೆ ಉತ್ತರಿಸಲು ಸಿದ್ಧರಾಗಿರಿ.

ಎಲ್ಲವನ್ನೂ ತಿರುಗಿಸಿಬಿಡುವುದೂ ಪರಿಹಾರವಲ್ಲ. ರಸಾಯನಶಾಸ್ತ್ರದ ಪಾಠವೊಂದಕ್ಕೆ ಬೇರೆ ಬೇರೆ ಚಿತ್ರಗಳನ್ನು ಜೋಡಿಸಿ ಓದಿಸಿದ 2010ರ ಅಮೆರಿಕದ ಅಧ್ಯಯನದಲ್ಲಿ, ಮಹಿಳಾ ವಿಜ್ಞಾನಿಗಳ ಚಿತ್ರಗಳಿದ್ದಾಗ ಹುಡುಗಿಯರು, ಪುರುಷ ವಿಜ್ಞಾನಿಗಳ ಚಿತ್ರಗಳಿದ್ದಾಗ ಹುಡುಗರು ಪಾಠವನ್ನು ಹೆಚ್ಚು ಚೆನ್ನಾಗಿ ಅರ್ಥಮಾಡಿಕೊಂಡರು. ಇಬ್ಬರಿಗೂ ತಮ್ಮಂಥವರು ಕಾಣಬೇಕು.

ಹಂತ 7: ಕೊರತೆಯನ್ನು ತುಂಬಿ

ಶಿಕ್ಷಕರು ಪಠ್ಯಕ್ಕೆ ಕೈಹಚ್ಚದೆ ಪೂರಕ ಉದಾಹರಣೆ ಕೊಡಬಹುದು. ಸಿ.ವಿ. ರಾಮನ್ ಪಾಠವಿದ್ದ ದಿನ ಕಮಲಾ ಸೊಹೊನಿಯವರ ಹೆಸರನ್ನೂ ಹೇಳಿ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1933ರಲ್ಲಿ ಅವರು ಅರ್ಜಿ ಹಾಕಿದಾಗ ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕರಾಗಿದ್ದ ರಾಮನ್ ಮೊದಲು ನಿರಾಕರಿಸಿದರು, ಆಮೇಲೆ ಷರತ್ತುಗಳೊಂದಿಗೆ ಸೇರಿಸಿಕೊಂಡರು, ಆಕೆ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌.ಡಿ ಪಡೆದರು. ಅದೇ ಸಂಸ್ಥೆಯಲ್ಲಿ ಮೈಕ್ರೊವೇವ್ ಇಂಜಿನಿಯರಿಂಗ್ ಕಲಿಸಿದ, ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎನಿಸಿದ ರಾಜೇಶ್ವರಿ ಚಟರ್ಜಿ ಇದ್ದಾರೆ. ತಾವೇ ಪ್ರಕಾಶಕಿಯೂ ಪತ್ರಿಕೆಯ ಸಂಪಾದಕಿಯೂ ಆಗಿದ್ದ ನಂಜನಗೂಡು ತಿರುಮಲಾಂಬ ಇದ್ದಾರೆ. ಇಷ್ಟೇ ಮುಖ್ಯವಾಗಿ, ಮನೆಯಲ್ಲಿ ಅಡುಗೆ ಮಾಡುವ ಅಪ್ಪಂದಿರನ್ನು, ಆಸ್ಪತ್ರೆಯ ಗಂಡು ನರ್ಸ್‌ಗಳನ್ನು ತರಗತಿಗೆ ಒಮ್ಮೆ ಕರೆಸಿ ಮಾತನಾಡಿಸಿ.

ಹಂತ 8: ಶಾಲೆಗೆ ತಿಳಿಸಿ, ನಂತರ ಬರೆಯಿರಿ

ಮೊದಲು ತರಗತಿಯ ಶಿಕ್ಷಕರು, ಬಳಿಕ ಮುಖ್ಯಶಿಕ್ಷಕರು. ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ವಿಷಯ ಇಡಬಹುದು. ಶಿಕ್ಷಣ ಹಕ್ಕು ಕಾಯ್ದೆಯು ಇಂಥ ಸಮಿತಿಗಳ ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂದು ಹೇಳುತ್ತದೆ. ರಾಜ್ಯದ ಪುಸ್ತಕವಾದರೆ ಪತ್ರ ಕರ್ನಾಟಕ ಪಠ್ಯಪುಸ್ತಕ ಸಂಘಕ್ಕೆ ಹೋಗಬೇಕು, ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗೆ. ಎನ್‌ಸಿಇಆರ್‌ಟಿ ಪುಸ್ತಕವಾದರೆ ಅಲ್ಲಿ ಲಿಂಗ ಅಧ್ಯಯನಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಖಾಸಗಿ ಪ್ರಕಾಶಕರದಾದರೆ ಶಾಲೆಯ ಮೂಲಕ ಬರೆಯಿಸಿ. ಮುಂದಿನ ವರ್ಷದ ಖರೀದಿ ಶಾಲೆಯ ಕೈಯಲ್ಲಿರುವುದರಿಂದ ಅವರು ಬೇಗ ಉತ್ತರಿಸುತ್ತಾರೆ.

ಪತ್ರ ಒಂದು ಪುಟ ಮೀರಬಾರದು. ಪುಸ್ತಕದ ಹೆಸರು, ತರಗತಿ, ಭಾಗ, ಮುದ್ರಣ ವರ್ಷ, ಪುಟಸಂಖ್ಯೆ, ಈಗಿರುವ ವಾಕ್ಯ, ನೀವು ಸೂಚಿಸುವ ವಾಕ್ಯ ಇಷ್ಟು ಸಾಕು. ‘ಪುಸ್ತಕದಲ್ಲಿ ಲಿಂಗ ತಾರತಮ್ಯ ತುಂಬಿದೆ’ ಎಂಬ ಸಾಲಿಗೆ ಯಾರೂ ಏನೂ ಮಾಡಲಾರರು. ‘ಪುಟ 34ರ ಅಭ್ಯಾಸದಲ್ಲಿ ಹೆಣ್ಣಾಳಿನ ಕೂಲಿಯನ್ನು ಕಡಿಮೆ ಹಿಡಿಯಲಾಗಿದೆ, ಅದರ ಬದಲು ಎರಡು ಬಗೆಯ ಕೆಲಸಗಳ ಕೂಲಿ ಎಂದು ಬದಲಿಸಬಹುದು’ ಎಂಬುದು ಕಡತದಲ್ಲಿ ಮುಂದಕ್ಕೆ ಹೋಗುತ್ತದೆ. ಪತ್ರದ ಕೊನೆಗೆ ಎರಡು ಆಧಾರಗಳನ್ನು ಸೇರಿಸಿ: ಮಹಿಳೆಯರ ಘನತೆಗೆ ಕುಂದು ತರುವ ಆಚರಣೆಗಳನ್ನು ತ್ಯಜಿಸುವುದು ಮೂಲಭೂತ ಕರ್ತವ್ಯ ಎನ್ನುವ ಸಂವಿಧಾನದ 51ಎ(ಇ) ವಿಧಿ, ಮತ್ತು ಪಠ್ಯಕ್ರಮವು ಸಂವಿಧಾನದ ಮೌಲ್ಯಗಳಿಗೆ ಅನುಗುಣವಾಗಿರಬೇಕು ಎನ್ನುವ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ.

ಬದಲಾವಣೆ ಸಾಧ್ಯವೇ ಎಂದು ಕೇಳುವವರಿಗೆ ಪಕ್ಕದ ರಾಜ್ಯಗಳ ಉದಾಹರಣೆ ಕೊಡಬಹುದು. 2019ರಲ್ಲಿ ಮಹಾರಾಷ್ಟ್ರದ 2ನೇ ತರಗತಿಯ ಪುಸ್ತಕದಲ್ಲಿ ಅಪ್ಪ ಅಮ್ಮ ಇಬ್ಬರೂ ತರಕಾರಿ ಬಿಡಿಸುವ ಚಿತ್ರ ಬಂತು. 2024ರಲ್ಲಿ ಕೇರಳದ 3ನೇ ತರಗತಿಯ ಮಲಯಾಳಂ ಪುಸ್ತಕದಲ್ಲಿ ಅಪ್ಪ ಅಡುಗೆಮನೆಯಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದಾರೆ.

ಪತ್ರವನ್ನು ದಸರಾ ರಜೆಯೊಳಗೆ ಕಳಿಸಿಬಿಡುವುದು ಒಳ್ಳೆಯದು. ಶಾಲೆ ತೆರೆಯುವುದಕ್ಕೆ ಕೆಲವು ತಿಂಗಳು ಮೊದಲೇ ಪುಸ್ತಕಗಳು ಮುದ್ರಣಕ್ಕೆ ಹೋಗುವುದರಿಂದ ಫೆಬ್ರವರಿ, ಮಾರ್ಚ್‌ನಲ್ಲಿ ಬಂದ ಸಲಹೆ ಆ ವರ್ಷದ ಆವೃತ್ತಿಗೆ ಸೇರುವುದು ಕಷ್ಟ. ಸ್ಪೀಡ್ ಪೋಸ್ಟ್ ರಸೀದಿಯನ್ನೂ ಪತ್ರದ ನಕಲನ್ನೂ ಎಣಿಕೆಯ ನೋಟ್‌ಬುಕ್‌ನಲ್ಲೇ ಅಂಟಿಸಿಡಿ. ಮರುವರ್ಷ ಹೊಸ ಪುಸ್ತಕ ಬಂದಾಗ ಅದೇ ಪುಟಗಳನ್ನು ಹೋಲಿಸಿ ನೋಡಿ, ಬದಲಾಗದಿದ್ದರೆ ಹಳೆಯ ಪತ್ರದ ದಿನಾಂಕವನ್ನು ಉಲ್ಲೇಖಿಸಿ ಮತ್ತೆ ಬರೆಯಿರಿ.